ಟಾಂಜಾನಿಯಾದ ಇರಿಂಗಾದಿಂದ ಅಮ್ಮನಿಗೆ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಕ್ಷೇಮ. ಪುಟ್ಟ ಕಳಿಸಿದ ನಿನ್ನ ಪತ್ರದ ಫೋಟೊ ನಿನ್ನೆ ಸಂಜೆ ಸಿಕ್ಕಿತು. ಗೌರಿ ಕರು ಹಾಕಿದ್ದು, ಅತ್ತೆ ಬಂದು ಹೋಗಿದ್ದು ಎಲ್ಲ ಓದಿ ಖುಷಿಯಾಯಿತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಅಪ್ಪಯ್ಯನ ಪಾದಕ್ಕೆ ಗಾಯ, ಗಾಬರಿ ಬೇಡ’ ಅಂತ ಬರೆದಿದ್ದೀಯಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀನು ಕೇಳಿದ್ದಕ್ಕೆ ಉತ್ತರ.

ಊಟಕ್ಕೆ ತೊಂದರೆ ಇಲ್ಲ. ಇಲ್ಲಿಯವರು ದಿನಾ ತಿನ್ನುವುದು ಉಗಾಲಿ, ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಜೊತೆಗೆ ಬೇಯಿಸಿದ ಕೆಂಪು ಕಾಳು, ಸೊಪ್ಪು. ಚಪಾತಿ ಸಿಗುತ್ತದೆ, ಬೆಣ್ಣೆಹಣ್ಣು ಬೇಕಾದಷ್ಟು. ಮಾಂಸ ತಿನ್ನಲ್ಲ ಅಂದರೆ ‘ಪಾಪ, ಹುಷಾರಿಲ್ವಾ’ ಅನ್ನುವ ಹಾಗೆ ನೋಡುತ್ತಾರೆ, ಅಷ್ಟೇ. ದೊಡ್ಡಪ್ಪ ಸಿಂಹದ ಬಗ್ಗೆ ಕೇಳಿದ್ದಾರಂತೆ. ಸಿಂಹ ಇರುವುದು ರುವಾಹ ಅಭಯಾರಣ್ಯದಲ್ಲಿ, ನಾನು ಪಾಠ ಮಾಡುವ ಶಾಲೆಯ ಸ್ಟಾಫ್ ರೂಮಿನಲ್ಲಲ್ಲ ಅಂತ ಹೇಳು. ಸೊಳ್ಳೆಪರದೆ ಕಟ್ಟಿಕೊಂಡೇ ಮಲಗುತ್ತೇನೆ, ಮಾತ್ರೆ ತಪ್ಪಿಸಿಲ್ಲ. ಇರಿಂಗಾ ಸುಮಾರು 5,000 ಅಡಿ ಎತ್ತರದಲ್ಲಿದೆ. ಜುಲೈ ಚಳಿಗೆ ನೀನು ತುರುಕಿ ಕಳಿಸಿದ ಸ್ವೆಟರ್ ಬಿಚ್ಚಿಯೇ ಇಲ್ಲ. ನೀನು ಗೆದ್ದೆ.

ಗಂಟೆಯ ಲೆಕ್ಕ ಮಾತ್ರ ವಿಚಿತ್ರ. ಸ್ವಾಹಿಲಿಯಲ್ಲಿ ಬೆಳಿಗ್ಗೆ ಏಳಕ್ಕೆ ‘ಒಂದು ಗಂಟೆ’ ಅನ್ನುತ್ತಾರೆ, ಎಂಟಕ್ಕೆ ಎರಡು. ದಿನದ ಎಣಿಕೆ ಶುರುವಾಗುವುದು ಬೆಳಗಾದ ಮೇಲೆ. ನಮ್ಮ ಪಂಚಾಂಗದ ಘಳಿಗೆ ಲೆಕ್ಕದ ಹಾಗೇ, ಅಪ್ಪಯ್ಯನಿಗೆ ಹೇಳಿದರೆ ‘ಸರಿಯಾಗಿಯೇ ಇದೆಯಲ್ಲ’ ಅನ್ನುತ್ತಾರೆ. ಹುಡುಗಿಯರಿಗೂ ಹುಡುಗರಷ್ಟೇ ಚಿಕ್ಕ ಕೂದಲು, ಶಾಲೆಯ ನಿಯಮ. ನನ್ನ ಜಡೆ ಅವರಿಗೆ ದೊಡ್ಡ ತಮಾಷೆ. ನಾನು ಬೋರ್ಡಿನ ಕಡೆ ತಿರುಗಿದರೆ ಮುಂದಿನ ಬೆಂಚಿನವರು ಮೆಲ್ಲಗೆ ಮುಟ್ಟಿ ನೋಡುತ್ತಾರೆ.

ಪಾಠ ಹೇಗೆ ನಡೀತಿದೆ ಅಂತ ಕೇಳಿದ್ದೀಯ. ಒಂದನೇ ಫಾರಂ, ಅಂದರೆ ನಮ್ಮ ಎಂಟನೇ ಕ್ಲಾಸು ಅಂತಿಟ್ಟುಕೋ, ಅದಕ್ಕೆ ಗಣಿತ ನನ್ನದು. ಒಂದು ಕೋಣೆಯಲ್ಲಿ 80ಕ್ಕೂ ಜಾಸ್ತಿ ಮಕ್ಕಳು. ಬೆಳಿಗ್ಗೆ ಅವರೇ ಪೊರಕೆ ಹಿಡಿದು ಅಂಗಳ ಗುಡಿಸಿ ಕ್ಲಾಸಿಗೆ ಬರುತ್ತಾರೆ. ಏಳು ವರ್ಷ ಸ್ವಾಹಿಲಿಯಲ್ಲಿ ಓದಿದವರಿಗೆ ಇಲ್ಲಿ ಒಮ್ಮೆಲೇ ಎಲ್ಲ ಇಂಗ್ಲಿಷ್. ಕನ್ನಡ ಮೀಡಿಯಂನಿಂದ ಪಿಯುಸಿ ಸೈನ್ಸಿಗೆ ಹೋದಾಗ ನಾನು ರಾತ್ರಿ ಕೂತು ಅತ್ತಿದ್ದು ನೆನಪಿದೆಯಲ್ಲ, ಅದೇ ಕಥೆ. ‘ಅರ್ಥವಾಯ್ತಾ’ ಅಂದರೆ ಅಷ್ಟೂ ಜನ ಒಟ್ಟಿಗೆ ‘ಯೆಸ್ ಮೇಡಂ’. ಒಬ್ಬರನ್ನು ಬೋರ್ಡಿಗೆ ಕರೆದರೆ ಚಾಕ್‌ಪೀಸ್ ಹಿಡಿದು ನೆಲ ನೋಡುತ್ತಾರೆ. ಟೀಚರ್‌ಗೆ ಬೇಜಾರಾಗಬಾರದು ಅಂತ ಹೇಳುವ ಯೆಸ್ ಅದು. ಈಗ ನಾನು ಆ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದೇನೆ, ನೇರ ಲೆಕ್ಕ ಕೊಡುತ್ತೇನೆ.

ಅಪ್ಪಯ್ಯನ ‘ಏನೂ ಆಗಿಲ್ಲ’ ಕೂಡ ಇದೇ ಜಾತಿಯದು ಅಮ್ಮ. ಫೋನ್ ಮಾಡಿದರೆ ಅವರೇ ಎತ್ತಿಕೊಂಡು ಸ್ಪೀಕರಿಗೆ ಹಾಕುತ್ತಾರೆ. ನೀನು ಪಕ್ಕದಲ್ಲಿ ಕೂತು ‘ಹೂಂ ಹೂಂ’ ಅನ್ನುತ್ತೀಯ. ಅದಕ್ಕೇ ಈ ಪತ್ರ. ‘ನೋವೇ ಇಲ್ಲವಂತೆ’ ಅಂತ ಸಮಾಧಾನಕ್ಕೆ ಬರೆದಿದ್ದೀಯ. ನನಗೆ ಹೆದರಿಕೆ ಆಗಿರುವುದೇ ಆ ಮಾತಿಗೆ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರ ಸ್ಪರ್ಶ ಕಳೆದುಕೊಳ್ಳುತ್ತದೆ. ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ, ಒಳಗೆ ಕೀವಾದರೂ ಗೊತ್ತಾಗಲ್ಲ. ರಕ್ತ ಸಂಚಾರವೂ ಕಡಿಮೆಯಾಗಿದ್ದರೆ ಗಾಯ ಬೇಗ ಮಾಯುವುದಿಲ್ಲ. ಅಪ್ಪಯ್ಯ ಈ ಮಳೆಯಲ್ಲಿ ಬರಿಗಾಲಲ್ಲಿ ಅಡಿಕೆ ತೋಟದ ಕೆಸರಲ್ಲಿ ನಿಂತು ಕೊಳೆರೋಗದ ಔಷಧಿ ಹೊಡೆಸುತ್ತಿದ್ದಾರೆ ಅಂತ ನೀನೇ ಬರೆದಿದ್ದೀಯಲ್ಲ!

ಅರಿಶಿನ ಮೆತ್ತುವುದು ಬೇಡ. ಬಿಸಿನೀರಲ್ಲಿ ಕಾಲಿಡುವುದು ಬೇಡವೇ ಬೇಡ, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಬ್ಲೇಡಿನಿಂದ ಆಣಿ ಕೆತ್ತಿಕೊಳ್ಳುವ ಚಾಳಿ ಇದೆಯಲ್ಲ, ಆ ಬ್ಲೇಡನ್ನು ಅಡಗಿಸಿಡು. ದಿನಾ ಸಂಜೆ ನೀನೇ ಎರಡೂ ಪಾದ ನೋಡು. ಬೆರಳ ಸಂದಿಯನ್ನೂ ನೋಡು. ಕಪ್ಪಾದರೆ, ವಾಸನೆ ಬಂದರೆ, ಜ್ವರ ಬಂದರೆ ಅವತ್ತೇ ಹೊರಡಬೇಕು. ಅದೇನೂ ಇಲ್ಲದಿದ್ದರೂ ಇದೇ ವಾರ ಪುಟ್ಟ ಅವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಸರ್ಜನ್‌ಗೆ ತೋರಿಸಲಿ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯೂ ಆಗಲಿ. ಔಷಧಿ ಹೊಡೆಸುವುದನ್ನು ಕೆಳಮನೆ ಭಾವ ನೋಡಿಕೊಳ್ಳುತ್ತಾರೆ, ನಾನೇ ಮೆಸೇಜ್ ಹಾಕಿದ್ದೇನೆ. ಅಪ್ಪಯ್ಯ ಸಿಟ್ಟಾದರೆ ಆಗಲಿ. ಒಂದು ಕೊಯ್ಲು ಹಾಳಾದರೆ ಮುಂದಿನ ವರ್ಷ ಇನ್ನೊಂದು ಇದೆ.

ದುಡ್ಡಿನ ಯೋಚನೆ ಬೇಡ. ಸಹಿ ಹಾಕಿದ ಚೆಕ್ಕು ಬೀರುವಿನಲ್ಲಿ ನನ್ನ ಅಂಕಪಟ್ಟಿಗಳ ಕೆಳಗೆ ಇದೆ. ಯಶಸ್ವಿನಿ ಆರೋಗ್ಯ ಯೋಜನೆಗೆ ಈ ವರ್ಷದ ದುಡ್ಡು ಕಟ್ಟಿದ್ದೀರಾ ಅಂತ ಸೊಸೈಟಿಯಲ್ಲಿ ವಿಚಾರಿಸಲಿ. ‘ಬಿಟ್ಟಿ ಟೀಚರ್ ಎಲ್ಲಿಂದ ಕೊಡುತ್ತಾಳೆ’ ಅಂತ ದೊಡ್ಡಪ್ಪ ಅಂದಿದ್ದು ನನ್ನ ಕಿವಿಗೂ ಬಿದ್ದಿದೆ. ಸಂಬಳ ಇಲ್ಲ ನಿಜ. ಮನೆ, ಇನ್ಶೂರೆನ್ಸ್, ತಿಂಗಳ ಖರ್ಚು ಕೊಡುತ್ತಾರೆ, ಹಳೆಯ ಕೆಲಸದ ಉಳಿತಾಯ ಮುಟ್ಟಿಯೇ ಇಲ್ಲ. ಹಿಂದುಳಿದ ದೇಶ ಅಂತಲೂ ಅವರು ಅನ್ನುವುದು ಬೇಡ. ಇಲ್ಲಿ 2008ರಲ್ಲೇ ಎಂ-ಪೆಸಾ ಬಂದು ಜನ ಸಾದಾ ಫೋನಿನಿಂದ ದುಡ್ಡು ಕಳಿಸುತ್ತಿದ್ದರು. ನಮ್ಮಲ್ಲಿ ಆಗ ಮನಿಯಾರ್ಡರ್ ಕಾಯುತ್ತಿದ್ದೆವು!

ನೀನು ನಿದ್ದೆ ಕೆಡಿಸಿಕೊಳ್ಳಬೇಡ. ಬೇಗ ತೋರಿಸಿದರೆ ವಾಸಿಯಾಗುವಂಥದ್ದು. ನಾನು ಚೆನ್ನಾಗಿದ್ದೇನೆ, ನಿಜವಾಗಿಯೂ ಚೆನ್ನಾಗಿದ್ದೇನೆ, ತೂಕ ಕೂಡ ಇಳಿದಿಲ್ಲ. ಬೇಕೆಂದರೆ ರಜೆ ಹಾಕಿ ಬರುತ್ತೇನೆ, ಆದರೆ ಹಾಗೇನೂ ಆಗುವುದಿಲ್ಲ, ಅಲ್ವಾ?

ಕರೆಂಟ್ ಹೋಗಿದೆ, ಫೋನ್ ಚಾರ್ಜ್ ಮುಗಿಯುವುದರೊಳಗೆ ಇದರ ಫೋಟೊ ತೆಗೆದು ಕಳಿಸಬೇಕು. ಅಜ್ಜಿಗೆ ನಮಸ್ಕಾರ ತಿಳಿಸು. ಪತ್ರ ಅಪ್ಪಯ್ಯನ ಕೈಗೆ ಕೊಡಬೇಡ.

ಇಂತಿ ನಿನ್ನ ಮಗಳು

ಮರೆತೆ: ಖಾಲಿ ಹೊಟ್ಟೆಯದ್ದು, ಊಟದ ನಂತರದ್ದು, ಎರಡೂ ಸಕ್ಕರೆ ರಿಪೋರ್ಟು ಪುಟ್ಟ ನನಗೆ ಕಳಿಸಲಿ. ಗಾಯದ ಫೋಟೊ ಕೂಡ, ಹಗಲು ಬೆಳಕಲ್ಲಿ ತೆಗೆದಿದ್ದು.