ತೇಲಲು ಬಾರದವರಿಗೆ ‘ಹವಳ ಮುಟ್ಟಬೇಡಿ’ ಎಂದರೆ ಸಾಕೇ?

ಮಾನ್ಯ ಸಂಪಾದಕರೇ,

ರಜೆ ಹತ್ತಿರವಾದಾಗ ಪ್ರವಾಸ ಪುರವಣಿಗಳಲ್ಲಿ ಅಂಡಮಾನ್ ಕುರಿತ ಲೇಖನಗಳು ಬರುತ್ತವೆ. ಜಾಲಿ ಬಾಯ್ ದ್ವೀಪದ ನೀಲಿ ನೀರಿನ ಚಿತ್ರ, ಅದರ ಕೆಳಗೆ ‘ಹವಳ ಮುಟ್ಟಬೇಡಿ, ಪ್ಲಾಸ್ಟಿಕ್ ಒಯ್ಯಬೇಡಿ’ ಎಂಬ ಸೂಚನೆ. ಎರಡನೆಯದನ್ನು ಯಾರು ಬೇಕಾದರೂ ಪಾಲಿಸಬಹುದು. ಮೊದಲನೆಯದನ್ನು ಪಾಲಿಸಲು ಒಳ್ಳೆಯ ಮನಸ್ಸಷ್ಟೇ ಸಾಲದು, ನೀರಿನ ಮೇಲೆ ಕವುಚಿ ಮಲಗಿ ತೇಲಲು ಬರಬೇಕು. ಹವಳ ತುಳಿಯುವವರಲ್ಲಿ ಹೆಚ್ಚಿನವರು ಕಿಡಿಗೇಡಿಗಳಲ್ಲ. ಬಾಯಿಗೆ ಉಪ್ಪುನೀರು ಬಂದೊಡನೆ ಗಾಬರಿಯಾಗಿ ಕಾಲಿಗೆ ಸಿಕ್ಕಿದ್ದರ ಮೇಲೆ ನಿಂತುಬಿಡುವವರು.

ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳೆರಡೂ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದೊಳಗಿವೆ. 1983ರಲ್ಲಿ ಘೋಷಣೆಯಾದ ಈ ಉದ್ಯಾನದ ವಿಸ್ತೀರ್ಣ ಸುಮಾರು 281 ಚದರ ಕಿ.ಮೀ.; ಹದಿನೈದು ದ್ವೀಪಗಳು ಇದರಲ್ಲಿವೆ. ಪ್ರವಾಸಿಗರಿಗೆ ತೆರೆಯುವುದು ಈ ಎರಡನ್ನೇ, ಅದೂ ಸರದಿಯಂತೆ. ಸಾಮಾನ್ಯವಾಗಿ ನವೆಂಬರ್‌ನಿಂದ ಮೇವರೆಗೆ ಜಾಲಿ ಬಾಯ್, ಮಳೆಗಾಲದ ತಿಂಗಳುಗಳಲ್ಲಿ ರೆಡ್ ಸ್ಕಿನ್. ದೋಣಿ ಹೊರಡುವುದು ಪೋರ್ಟ್ ಬ್ಲೇರ್‌ನಿಂದ (2024ರಿಂದ ಶ್ರೀ ವಿಜಯಪುರಂ) ಮೂವತ್ತು ಕಿ.ಮೀ. ಒಳಗಿರುವ ವಂಡೂರು ಜೆಟ್ಟಿಯಿಂದ, ಬೆಳಿಗ್ಗೆ. ಅರಣ್ಯ ಇಲಾಖೆಯ ಪರವಾನಗಿ ಬೇಕು. ದೋಣಿಯ ಜಾಗ ಸೀಮಿತ, ಆದ್ದರಿಂದ ಹಿಂದಿನ ದಿನವೇ ಗುರುತಿನ ಚೀಟಿಯೊಂದಿಗೆ ಮುಗಿಸಿಕೊಳ್ಳಬೇಕು. ಸೋಮವಾರ ರಜೆ. ಬೆಂಗಳೂರಿನಲ್ಲಿ ಮಾರುವ ಪ್ಯಾಕೇಜ್‌ಗಳಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಜಾಲಿ ಬಾಯ್ ಭೇಟಿಯನ್ನು ಕೊನೆಯ ದಿನಕ್ಕೆ ಇಟ್ಟಿರುತ್ತಾರೆ. ಗಾಳಿ ಎದ್ದು ದೋಣಿ ನಿಂತರೆ, ಅಥವಾ ಆ ದಿನ ಸೋಮವಾರವಾದರೆ, ಬದಲಿ ದಿನ ಇರುವುದಿಲ್ಲ. ಪ್ರವಾಸದ ನಡುವಿನ ದಿನಕ್ಕೆ ಇಟ್ಟುಕೊಳ್ಳಿ.

ದಿನ ಗೊತ್ತು ಮಾಡುವ ಮುನ್ನ ಉಬ್ಬರ-ಇಳಿತದ ಪಟ್ಟಿ ನೋಡಬೇಕು. ಅಂಡಮಾನಿನಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತವೆ. ಹಾಗಾಗಿ ಈ ವಾರ ಹತ್ತು ಗಂಟೆಗೆ ಇಳಿತವಿದ್ದರೆ ಮುಂದಿನ ವಾರ ಅದೇ ಹೊತ್ತಿಗೆ ಉಬ್ಬರವಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ತುಂಬಾ ಕೆಳಗಿಳಿಯುತ್ತದೆ. ಆಗ ದಂಡೆ ಬಳಿಯ ಹವಳದ ಮೇಲೆ ಉಳಿಯುವುದು ಮೊಣಕಾಲುದ್ದದ ನೀರು. ಎಷ್ಟೇ ಜಾಣ ಈಜುಗಾರನಾದರೂ ಅಲ್ಲಿ ಹೊಟ್ಟೆ, ಮೊಣಕಾಲು ತಾಗಿಸದೆ ಸಾಗಲಾರ. ನೀರು ಏರುತ್ತಿರುವಾಗ, ಹೊಟ್ಟೆಯ ಕೆಳಗೆ ಕನಿಷ್ಠ ಒಂದೂವರೆ ಮೀಟರ್ ಆಳ ಇರುವ ಕಡೆ ಇಳಿಯುವುದು ಸರಿ.

ಇನ್ನು ಸಲಕರಣೆ. ಬಾಡಿಗೆ ಮಾಸ್ಕ್ (ಕಣ್ಣು, ಮೂಗು ಮುಚ್ಚುವ ಗಾಜಿನ ಮುಖಕವಚ) ಆರಿಸುವಾಗ ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಉಸಿರೆಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡು ನಿಂತರೆ ಅದು ನಿಮ್ಮ ಮುಖದ ಅಳತೆಯದು. ನೀರು ಒಸರುವುದಕ್ಕೆ ಸಾಮಾನ್ಯ ಕಾರಣಗಳು ಮೂರು: ರಬ್ಬರ್ ಅಂಚಿನಡಿ ಸಿಕ್ಕ ಕೂದಲು, ಮೀಸೆ, ಮತ್ತು ಅತಿ ಬಿಗಿದ ಪಟ್ಟಿ. ಒಸರಿದಾಗ ಎಲ್ಲರೂ ಪಟ್ಟಿಯನ್ನು ಇನ್ನಷ್ಟು ಎಳೆಯುತ್ತಾರೆ. ಅಂಚು ಸೊಟ್ಟಗಾಗಿ ಇನ್ನೂ ಹೆಚ್ಚು ಒಸರುತ್ತದೆ. ಪಟ್ಟಿ ಕಿವಿಯ ಮೇಲಲ್ಲ, ತಲೆಯ ಹಿಂಬದಿಯ ಉಬ್ಬಿನ ಮೇಲೆ ಕೂರಬೇಕು. ಮೀಸೆ ಇರುವವರು ಮೂಗಿನ ಕೆಳಗೆ ಒಂದು ಸಣ್ಣ ಪಟ್ಟಿಯಷ್ಟು ಬೋಳಿಸಿದರೆ ಸಾಕು. ಗಾಜು ಮಂಜಾಗದಿರಲು ಒಣಗಿದ ಗಾಜಿನ ಒಳಬದಿಗೆ ಉಗುಳು ಸವರಿ ಒಮ್ಮೆ ತೊಳೆಯಿರಿ. ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಕನ್ನಡಕದವರು ಪವರ್ ಮಾಸ್ಕ್ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಲಿ.

ಲೈಫ್ ಜಾಕೆಟ್ ಬೇಕೇ ಬೇಕು, ಆದರೆ ಅದು ಹವಳಕ್ಕೆ ತರುವ ತೊಂದರೆಯನ್ನು ಯಾರೂ ಹೇಳುವುದಿಲ್ಲ. ದಪ್ಪ ಫೋಮ್‌ನ ಜಾಕೆಟ್ ಎದೆಯನ್ನು ಮೇಲಕ್ಕೆತ್ತುತ್ತದೆ, ಕಾಲು ಕೆಳಗಿಳಿಯುತ್ತದೆ. ನೆಟ್ಟಗೆ ನಿಂತ ಭಂಗಿಯಲ್ಲಿ ಸೈಕಲ್ ತುಳಿದಂತೆ ಒದ್ದರೆ ಕೆಳಗಿನ ಕವಲು ಹವಳ ಮುರಿಯುತ್ತದೆ, ಮರಳು ಏಳುತ್ತದೆ. ಆ ಮರಳು ಹವಳದ ಮೇಲೆ ಕೂತಾಗ ಅದನ್ನು ಲೋಳೆ ಸುರಿಸಿ ತೊಳೆದುಕೊಳ್ಳಲು ಹವಳದ ಜೀವಿ ತನ್ನ ಕಸುವನ್ನು ಖರ್ಚು ಮಾಡಬೇಕು. ಗೈಡ್ ಒಬ್ಬರು ಟ್ಯೂಬಿಗೆ ಕೈ ಹಿಡಿಸಿ ಎಳೆದೊಯ್ಯುವಾಗಲೂ ಇದೇ ಆಗುತ್ತದೆ. ಕಣ್ಣು ಮೀನಿನ ಮೇಲೆ, ಕಾಲು ಹವಳದ ಮೇಲೆ. ಫಿನ್ಸ್ ಹಾಕಿದರೆ ಪಾದ ಇನ್ನೂ ಉದ್ದವಾಗುತ್ತದೆ, ತುದಿ ತಾಗಿದ್ದು ಗೊತ್ತೂ ಆಗುವುದಿಲ್ಲ. ಹೊಸಬರಿಗೆ ಆಳವಿಲ್ಲದ ಕಡೆ ಫಿನ್ಸ್ ಇಲ್ಲದಿರುವುದೇ ವಾಸಿ.

ಗಾಬರಿಗೆ ಇನ್ನೊಂದು ಕಾರಣ ಬೆಳಕಿನ ವಕ್ರೀಭವನ. ಮಾಸ್ಕಿನ ಗಾಜಿನ ಮೂಲಕ ನೀರಿನೊಳಗಿನ ವಸ್ತು ಕಾಲುಭಾಗದಷ್ಟು ಹತ್ತಿರ, ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಎರಡು ಮೀಟರ್ ಆಳ ಒಂದೂವರೆ ಮೀಟರ್‌ನಂತೆ ತೋರಿ, ನಿಲ್ಲಬಹುದೆಂದು ಕಾಲು ಬಿಟ್ಟವರಿಗೆ ನೆಲ ಸಿಗುವುದಿಲ್ಲ. ಮುಂದಿನದು ಒದ್ದಾಟ.

ಇದಕ್ಕೆಲ್ಲ ಮದ್ದು ಊರಿನ ಈಜುಕೊಳದಲ್ಲೇ ಇದೆ. ಮೊದಲ ದಿನ ಸೊಂಟದಷ್ಟು ನೀರಿನಲ್ಲಿ ನಿಂತು, ಮಾಸ್ಕ್ ಮತ್ತು ಸ್ನಾರ್ಕೆಲ್ (ಬಾಯಿಯಿಂದ ಉಸಿರಾಡುವ ಕೊಳವೆ) ಹಾಕಿ, ಮುಖ ಮುಳುಗಿಸಿ ಹತ್ತು ನಿಮಿಷ ಬಾಯಿಯಿಂದ ನಿಧಾನವಾಗಿ ಉಸಿರಾಡುವುದು. ಚಿಕ್ಕ ಚಿಕ್ಕ ಉಸಿರು ಬೇಡ. ಕೊಳವೆಯೊಳಗಿನ ಹಳೆಯ ಗಾಳಿಯೇ ಮತ್ತೆ ಒಳಗೆ ಹೋಗಿ ಏದುಸಿರು ಬರುತ್ತದೆ. ಎರಡನೇ ದಿನ ಮಾಸ್ಕಿಗೆ ಅರ್ಧ ನೀರು ಬಿಟ್ಟುಕೊಂಡು, ಮೇಲಂಚನ್ನು ಹಣೆಗೆ ಒತ್ತಿ, ತಲೆ ಸ್ವಲ್ಪ ಎತ್ತಿ, ಮೂಗಿನಿಂದ ಗಾಳಿ ಬಿಟ್ಟು ಖಾಲಿ ಮಾಡುವುದು. ಕೊಳವೆಗೆ ನೀರು ಹೊಕ್ಕರೆ ‘ತೂ’ ಎಂದು ಒಂದೇ ಬಾರಿಗೆ ಜೋರಾಗಿ ಊದುವುದು. ಇವೆರಡೂ ಯೋಚಿಸದೆ ಆಗುವಷ್ಟು ರೂಢಿಯಾಗಬೇಕು. ಮೂರನೇ ದಿನದ್ದು ಮುಖ್ಯ ಪಾಠ: ಜಾಕೆಟ್ ತೊಟ್ಟು ಕವುಚಿ ತೇಲುತ್ತಿರುವಾಗ ನೆಲ ಮುಟ್ಟದೆ ಅಂಗಾತ ಹೊರಳುವುದು, ಸುಧಾರಿಸಿಕೊಂಡು ಮತ್ತೆ ಕವುಚುವುದು. ಸಮುದ್ರದಲ್ಲಿ ದಣಿದಾಗ, ಕೆಮ್ಮು ಬಂದಾಗ ಮಾಡಬೇಕಾದದ್ದು ಇಷ್ಟೇ. ಇದು ಬಂದವರಿಗೆ ನಿಲ್ಲಲು ಹವಳ ಬೇಕಾಗಿಲ್ಲ. ಮೂರೂ ದಿನ ಪ್ರಯತ್ನಿಸಿದ ಮೇಲೂ ಆಗದಿದ್ದರೆ ಬೇಸರ ಬೇಡ, ಗಾಜಿನ ತಳದ ದೋಣಿಯಲ್ಲಿ ಕೂತು ನೋಡಬಹುದು. ಹಿರಿಯರಿಗೆ, ಹೃದಯ ಅಥವಾ ಶ್ವಾಸದ ತೊಂದರೆ ಇರುವವರಿಗೆ ಅದೇ ಒಳ್ಳೆಯದು.

ನಮ್ಮಲ್ಲಿಯೇ ಪಳಗಬೇಕೆನ್ನುವವರಿಗೆ ಮುರುಡೇಶ್ವರದ ನೇತ್ರಾಣಿ ದ್ವೀಪ ಇದೆ. ಆದರೆ ಅಲ್ಲಿ ದೋಣಿಯಿಂದಲೇ ಆಳದ ನೀರಿಗಿಳಿಯಬೇಕು. ಈಜುಕೊಳದ ಪಾಠ ಮುಗಿಸಿದವರಿಗೆ ಅದು ಎರಡನೇ ತರಗತಿ, ಮೊದಲನೆಯದಲ್ಲ.

ತುಂಡಾದ ಹವಳ ಬೆಳೆದುಕೊಳ್ಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ವೇಗವಾಗಿ ಬೆಳೆಯುವ ಕವಲು ಹವಳ ವರ್ಷಕ್ಕೆ ಕೆಲವು ಸೆಂ.ಮೀ.ನಿಂದ ಹತ್ತು ಸೆಂ.ಮೀ.ವರೆಗೆ ಬೆಳೆದೀತು. ಬಂಡೆಯಂತಿರುವ ಗುಂಡು ಹವಳ ವರ್ಷಕ್ಕೆ ಒಂದು ಸೆಂ.ಮೀ. ಬೆಳೆದರೆ ಹೆಚ್ಚು, ಫುಟ್‌ಬಾಲ್ ಗಾತ್ರದ ಒಂದು ಗುಂಡು ಹವಳಕ್ಕೆ ಹತ್ತಾರು ವರ್ಷ ಹಿಡಿಯುತ್ತದೆ. ಮೇಲಾಗಿ ಅಂಡಮಾನಿನ ಹವಳ 1998, 2010 ಮತ್ತು 2016ರಲ್ಲಿ ಬಿಸಿನೀರಿನಿಂದ ಬಿಳಿಚಿ ಪೆಟ್ಟು ತಿಂದಿದೆ. ಬೇಸಿಗೆಯ ಗರಿಷ್ಠ ತಾಪಕ್ಕಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೂ ಹವಳ ತನಗೆ ಅನ್ನ ತಯಾರಿಸಿಕೊಡುವ ಪಾಚಿಯನ್ನು ಹೊರಹಾಕಿಬಿಡುತ್ತದೆ. ನೀರಿನ ಬಿಸಿಯನ್ನು ಪ್ರವಾಸಿ ಇಳಿಸಲಾರ, ಕಾಲನ್ನು ಎತ್ತಿಕೊಳ್ಳಬಲ್ಲ.

ಸನ್‌ಸ್ಕ್ರೀನ್ ಬಗ್ಗೆ ಒಂದು ಮಾತು. ಆಕ್ಸಿಬೆನ್‌ಝೋನ್ ಎಂಬ, ಹವಳಕ್ಕೆ ಹಾನಿಕರವೆನ್ನಲಾದ ರಾಸಾಯನಿಕ ಇರುವವುಗಳ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ‘ರೀಫ್ ಸೇಫ್’ (ಹವಳಕ್ಕೆ ಸುರಕ್ಷಿತ) ಎಂಬ ಬರಹಕ್ಕೆ ಎಲ್ಲೆಡೆ ಒಪ್ಪಿತವಾದ ಮಾನದಂಡವಿಲ್ಲ, ಡಬ್ಬಿಯ ಹಿಂಬದಿ ಓದಿ. ತುಂಬುತೋಳಿನ ಈಜುಡುಗೆ ತೊಟ್ಟರೆ ಮುಖಕ್ಕೆ ಮಾತ್ರ ಝಿಂಕ್ ಆಕ್ಸೈಡ್ ಹಚ್ಚಿದರೆ ಮುಗಿಯಿತು. ಬೆನ್ನು ಸುಡುವುದೂ ತಪ್ಪುತ್ತದೆ.

ಜೆಟ್ಟಿಯಲ್ಲಿ ಚೀಲ ತಪಾಸಣೆ ಬಿಗಿಯಾಗಿದೆ, ಇರಲೂಬೇಕು. ನೀರಿಗೆ ಸ್ಟೀಲ್ ಬಾಟಲಿ, ತಿಂಡಿಗೆ ಸ್ಟೀಲ್ ಡಬ್ಬಿ, ಬಟ್ಟೆಯ ಚೀಲ ತೆಗೆದುಕೊಂಡು ಹೋಗಿ. ದ್ವೀಪದಲ್ಲಿ ಅಂಗಡಿ ಇಲ್ಲ. ಶೌಚವನ್ನು ಜೆಟ್ಟಿಯಲ್ಲೇ ಮುಗಿಸಿಕೊಳ್ಳಿ. ವಂಡೂರಿನ ಸುತ್ತಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಲುವೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಸಿಬ್ಬಂದಿ ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ನೀರಿಗಿಳಿಯಬಾರದು. ದಂಡೆಯ ಮೇಲೆ ಬಿದ್ದ ಸತ್ತ ಹವಳ, ಚಿಪ್ಪುಗಳನ್ನೂ ಹೆಕ್ಕಬೇಡಿ. ಹವಳಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ‘ಗೊತ್ತಿರಲಿಲ್ಲ’ ಎಂಬ ಸಬೂಬು ನಡೆಯುವುದಿಲ್ಲ.

ಚೀಲ ನೋಡುವವರಿದ್ದಾರೆ, ತೇಲಲು ಬರುತ್ತದೆಯೇ ಎಂದು ನೋಡುವವರಿಲ್ಲ. ಪ್ಯಾಕೇಜ್ ಮಾರುವ ಸಂಸ್ಥೆಗಳು ಮುಂಗಡ ಪಡೆಯುವಾಗಲೇ ‘ಅಂಗಾತ ಹೊರಳಿ ತೇಲಲು ಬರುತ್ತದೆಯೇ’ ಎಂದು ಕೇಳಲಿ, ಬಾರದವರಿಗೆ ಹತ್ತಿರದ ಈಜುಕೊಳದಲ್ಲಿ ಮೂರು ದಿನದ ಅಭ್ಯಾಸ ಗೊತ್ತುಮಾಡಿಕೊಡಲಿ. ಖರ್ಚು ವಿಮಾನದ ಟಿಕೆಟ್ಟಿನ ಮುಂದೆ ಏನೂ ಅಲ್ಲ. ತಾವೂ ಮುಂದಿನ ಬಾರಿ ಅಂಡಮಾನಿನ ಚಿತ್ರ ಹಾಕುವಾಗ ಪಕ್ಕದಲ್ಲಿ ಸೋಮವಾರದ ರಜೆ, ಉಬ್ಬರ ನೋಡುವ ಕ್ರಮ ಮತ್ತು ಈ ಅಭ್ಯಾಸವನ್ನು ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಅಚ್ಚು ಹಾಕಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಈಜು ತರಬೇತುದಾರ, ಮಂಗಳೂರು