ನಾವು ಎಲ್ಲಿ ಕೂರುತ್ತಿದ್ದೆವು?

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ಹಿಂದೆ ಪಾತ್ರೆ ತೊಳೆಯುವ ಸದ್ದು, ನಡುವೆ ನಿನ್ನ ಗೊಣಗಾಟ, ಕೊನೆಗೆ ಪುಟ್ಟಿಯ ಪ್ರಶ್ನೆ. ಶಾಲೆಯಲ್ಲಿ ಹಾರ್ಪರ್ ಲೀ ಬರೆದ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಕಾದಂಬರಿ ಓದಿಸುತ್ತಿದ್ದಾರೆ, ಅರ್ಧ ಮುಗಿಸಿ ಬಂದವಳು ಕೇಳಿದ್ದು: "ಅಪ್ಪಾ, ಆ ಕೋರ್ಟಿಗೆ ನಾವು ಹೋಗಿದ್ರೆ ಎಲ್ಲಿ ಕೂರಿಸ್ತಿದ್ರು? ಕೆಳಗಾ, ಬಾಲ್ಕನಿಯಲ್ಲಾ?" ನೀನು "ಮೊದಲು ಹೋಮ್‌ವರ್ಕ್ ಮಾಡು ಹೋಗು" ಅಂದೆಯಂತೆ. ಮಾರಾಯ, ಅವಳು ಮಾಡುತ್ತಿದ್ದದ್ದು ಅದನ್ನೇ ಕಣೋ.

ನೆನಪಿದೆಯಾ, ಹಾಸ್ಟೆಲಿನಲ್ಲಿ ನಮ್ಮಿಬ್ಬರಿಗೂ ಸೇರಿ ಒಂದೇ ಪ್ರತಿ ಇತ್ತು. ನೀನು ಮೊದಲೇ ಓದಿ ಮುಗಿಸಿ, "ಟಾಮ್ ರಾಬಿನ್ಸನ್ ಸಾಯ್ತಾನೆ" ಅಂತ ಊಟದ ಕ್ಯೂನಲ್ಲಿ ಹೇಳಿ ನನ್ನ ಓದು ಕೆಡಿಸಿದ್ದೆ. ಆದರೂ ಇಬ್ಬರಿಗೂ, ಮಾಡದ ತಪ್ಪಿಗೆ ಕಟಕಟೆ ಹತ್ತಿದ ಆ ಕಪ್ಪು ಮನುಷ್ಯ ಟಾಮ್‌ನ ಪರ ವಾದಿಸುವ ಬಿಳಿ ವಕೀಲ ಆಟಿಕಸ್ ಫಿಂಚ್ ಆಗುವ ಆಸೆ ಬಂದಿತ್ತು. ನಾನಂತೂ ಲಾ ಸೇರುತ್ತೇನೆ ಅಂತ ಮನೆಯಲ್ಲಿ ಹೇಳಿ ಬೈಸಿಕೊಂಡೆ. ಕೋರ್ಟಿನಲ್ಲಿ ಯಾವ ಕಡೆ ಕೂರಬೇಕು ಅನ್ನುವ ಯೋಚನೆ ನಮಗೆ ಬರಲೇ ಇಲ್ಲ. ಕರಿ ಕೋಟು ಹಾಕಿಕೊಂಡು ನೇರ ಜಡ್ಜಿನ ಮುಂದೆ ನಿಂತುಬಿಟ್ಟಿದ್ದೆವು.

ನಿನ್ನ ಮೆಸೇಜು ಬಂದ ಮೇಲೆ ಮತ್ತೆ ಓದಿದೆ. ಪುಟ್ಟಿಗೆ ಉತ್ತರ ಕೊಡಬೇಕಲ್ಲ.

ಪುಸ್ತಕ ಬಂದದ್ದು 1960ರಲ್ಲಿ, ಕಥೆ ನಡೆಯುವುದು 1930ರ ದಶಕದ ಅಲಬಾಮಾದಲ್ಲಿ. ಕೋರ್ಟಿನ ಕೆಳಗೆಲ್ಲ ಬಿಳಿಯರು, ಕಪ್ಪು ಜನಕ್ಕೆ ಬಾಲ್ಕನಿ. ನಮ್ಮಂಥವರು ಆ ಊರಿನಲ್ಲಿ ಇಲ್ಲವೇ ಇಲ್ಲ. ಆದರೆ ಅಮೆರಿಕದ ಕಾನೂನು ಅಷ್ಟು ಹೊತ್ತಿಗೆ ನಮ್ಮ ವಿಷಯವನ್ನೂ ಇತ್ಯರ್ಥ ಮಾಡಿತ್ತು. ಭಗತ್ ಸಿಂಗ್ ಥಿಂದ್ ಅನ್ನುವ ಪಂಜಾಬಿಯೊಬ್ಬರು ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಪೌರತ್ವ ಕೇಳಿದ ಅವರಿಗೆ ಸುಪ್ರೀಂ ಕೋರ್ಟು 1923ರಲ್ಲಿ, ನೀವು ಬಿಳಿಯರ ಲೆಕ್ಕಕ್ಕೆ ಬರುವುದಿಲ್ಲ ಅಂದಿತು. ಅಲಬಾಮಾದ ಪಕ್ಕದ ಮಿಸಿಸಿಪಿಯಲ್ಲಿ ಮಾರ್ಥಾ ಲಮ್ ಅನ್ನುವ ಚೀನೀ ಮೂಲದ ಹುಡುಗಿಯನ್ನು ಬಿಳಿಯರ ಶಾಲೆಯಿಂದ ಹೊರಗೆ ಹಾಕಿದ್ದರು. 1927ರಲ್ಲಿ ಅದೂ ಸರಿ ಅಂತ ಅದೇ ಕೋರ್ಟು ಹೇಳಿತು. ಹಾಗಾಗಿ ಪುಟ್ಟಿಗೆ ಹೇಳು: ಬಹುಶಃ ಬಾಲ್ಕನಿಯೇ.

ಇನ್ನೊಂದು ವಿಷಯ. ವಿಚಾರಣೆಯ ದಿನ ಆಟಿಕಸ್‌ನ ಮಕ್ಕಳು ಸ್ಕೌಟ್, ಜೆಮ್, ಅವರ ಗೆಳೆಯ ಡಿಲ್ ಕೂತದ್ದೂ ಬಾಲ್ಕನಿಯಲ್ಲೇ. ಕೆಳಗೆ ಕಾಲಿಡಲು ಜಾಗವಿಲ್ಲ ಅಂತ ಕಪ್ಪು ಜನರ ಚರ್ಚಿನ ಪಾದ್ರಿ ಸೈಕ್ಸ್ ಮಕ್ಕಳನ್ನು ಮೇಲೆ ಕರೆದುಕೊಂಡು ಹೋಗುತ್ತಾರೆ. ಮುಂದಿನ ಸಾಲಿನಲ್ಲಿ ಕೂತಿದ್ದ ನಾಲ್ವರು ಕಪ್ಪು ಜನ ಎದ್ದು ಜಾಗ ಬಿಟ್ಟುಕೊಡುತ್ತಾರೆ. ಒಂದೇ ವಾಕ್ಯ. ಹಾಸ್ಟೆಲಿನಲ್ಲಿ ಅದು ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಈ ಸಲ ನಾನು ಅಲ್ಲೇ ನಿಂತುಬಿಟ್ಟೆ. ಅವರೂ ಬೆಳಗ್ಗೆಯೇ ಬಂದು ಕೂತವರು ತಾನೆ? ಕಟಕಟೆಯಲ್ಲಿ ಇದ್ದವನು ಅವರ ಚರ್ಚಿನವನು. ಎದ್ದ ಮೇಲೆ ಅವರು ಎಲ್ಲಿ ನಿಂತರು, ಅಲ್ಲಿಂದ ಟಾಮ್‌ನ ಮುಖ ಕಾಣುತ್ತಿತ್ತಾ?

ಮಗು ಬೆಳೆಯುವ ಕಥೆ ಅಂತ ಅಮೆರಿಕ ತಲೆಯ ಮೇಲಿಟ್ಟುಕೊಂಡ ಈ ಪುಸ್ತಕಗಳಲ್ಲಿ ನನಗೆ ಈಗ ಕಾಡುವುದು ಇದೇ. ಬಿಳಿ ಮಗು ನೋಡಿ ಕಲಿಯಬೇಕು, ಅದಕ್ಕೆ ಕಪ್ಪು ಜನ ಎದ್ದು ಜಾಗ ಕೊಡಬೇಕು.

ಮಾರ್ಕ್ ಟ್ವೇನ್‌ನ ಹಕಲ್‌ಬೆರಿ ಫಿನ್ ತೆಗೆದುಕೋ. ಅಮೆರಿಕದಲ್ಲಿ ಅಚ್ಚಾದದ್ದು 1885ರಲ್ಲಿ, ಗುಲಾಮಗಿರಿ ಹೋಗಿ 20 ವರ್ಷದ ಮೇಲೆ. ಒಡತಿ ತನ್ನನ್ನು 800 ಡಾಲರಿಗೆ ಮಾರುವವಳಿದ್ದಾಳೆ ಅಂತ ಗೊತ್ತಾಗಿ ಜಿಮ್ ಓಡಿಬರುತ್ತಾನೆ. ಮಿಸಿಸಿಪಿ ಹೊಳೆ, ಒಂದು ತೆಪ್ಪ, ಇವನೂ ಹಕ್ ಅನ್ನುವ ಹುಡುಗನೂ. ಒಂದು ರಾತ್ರಿ ಮಂಜಿನಲ್ಲಿ ಒಬ್ಬರಿಗೊಬ್ಬರು ತಪ್ಪಿಹೋಗುತ್ತಾರೆ. ಹುಡುಗ ಕಳೆದೇಹೋದ ಅಂತ ಜಿಮ್ ಕೂಗಿ ಕರೆದು ಸುಸ್ತಾಗಿ ನಿದ್ದೆ ಹೋಗಿದ್ದಾನೆ. ಹಕ್ ಮೆಲ್ಲಗೆ ತೆಪ್ಪ ಹತ್ತಿ, ಏನೂ ಆಗಿಲ್ಲ, ನೀನು ಕನಸು ಕಂಡೆ ಅಂತ ನಂಬಿಸುತ್ತಾನೆ. ತೆಪ್ಪದ ಮೇಲೆ ಬಿದ್ದಿದ್ದ ಎಲೆ, ಕಸ, ಮುರಿದ ಹುಟ್ಟು ನೋಡಿ ಜಿಮ್‌ಗೆ ಸುಳ್ಳು ಗೊತ್ತಾಗುತ್ತದೆ. ಗೆಳೆಯನಿಗೆ ನಾಚಿಕೆಯಾಗುವ ಹಾಗೆ ಮಾಡುವವರೂ ಕಸವೇ ಅಂದು ಒಳಗೆ ಹೋಗಿಬಿಡುತ್ತಾನೆ. ಹಕ್ ಹೋಗಿ ಕ್ಷಮೆ ಕೇಳುತ್ತಾನೆ. ಅದಕ್ಕೆ ಅವನಿಗೆ ಹಿಡಿದದ್ದು 15 ನಿಮಿಷ. ಕಪ್ಪು ಮನುಷ್ಯನ ಮುಂದೆ ತಗ್ಗಲು ಒಂದು ಬಿಳಿ ಹುಡುಗನಿಗೆ ಎಷ್ಟು ಹೊತ್ತು ಬೇಕು ಅಂತ ಟ್ವೇನ್ ಗಡಿಯಾರ ಇಟ್ಟು ಹೇಳಿದ್ದಾನೆ. ಈ 15 ನಿಮಿಷಕ್ಕೆ ನಾನು ಈಗಲೂ ಸೋಲುತ್ತೇನೆ.

ಆದರೆ ಜಿಮ್‌ನದೂ ಒಂದು ಕಥೆ ಇದೆ, ಅರ್ಧ ಪುಟದ್ದು. ಬೆಳಗಿನ ಜಾವ ಹೇಳಿಕೊಳ್ಳುತ್ತಾನೆ. ಅವನ ಮಗಳು ಎಲಿಜಬೆತ್, 4 ವರ್ಷದವಳು, ಜ್ವರ ಬಂದು ಎದ್ದಿದ್ದಾಳೆ. ಬಾಗಿಲು ಹಾಕು ಅಂದರೆ ನಗುತ್ತಾ ನಿಂತಿದ್ದಾಳೆ. ಮತ್ತೆ ಹೇಳಿದ, ಗದರಿದ, ಕೊನೆಗೆ ಹೊಡೆದ. ವಾಪಸ್ ಬಂದರೆ ಬಾಗಿಲು ಹಾಗೇ ತೆರೆದಿದೆ, ಹುಡುಗಿ ಅಳುತ್ತಾ ಅಲ್ಲೇ ನಿಂತಿದ್ದಾಳೆ. ಮತ್ತೆ ಹೊಡೆಯಲು ಹೋಗುವಷ್ಟರಲ್ಲಿ ಗಾಳಿಗೆ ಅವಳ ಬೆನ್ನ ಹಿಂದೆಯೇ ಬಾಗಿಲು ಧಡಾರ್ ಅಂತ ಬಡಿದುಕೊಂಡಿತು. ಅವಳು ಬೆಚ್ಚಲೇ ಇಲ್ಲ. ಜ್ವರ ಅವಳ ಕಿವಿ ತೆಗೆದುಕೊಂಡು ಹೋಗಿತ್ತು. ಜಿಮ್ ಓಡಿಬಂದದ್ದು ಇಂಥ ಮಗುವನ್ನು ಹಿಂದೆ ಬಿಟ್ಟು. ಪುಸ್ತಕ ಮುಗಿಯುವ ಹೊತ್ತಿಗೆ ಅವನಿಗೆ ಬಿಡುಗಡೆ ಸಿಗುತ್ತದೆ. ಎಲಿಜಬೆತ್ ಏನಾದಳು ಅಂತ ಯಾರೂ ಕೇಳುವುದಿಲ್ಲ. ಹಕ್ ಕೂಡ ಕೇಳುವುದಿಲ್ಲ.

ಕೊನೆಯ ಅಧ್ಯಾಯಗಳಲ್ಲಿ ಹಕ್‌ನ ಗೆಳೆಯ ಟಾಮ್ ಸಾಯರ್ ಬಂದು ಮಾಡುವ ಹುಚ್ಚಾಟ ನನಗೆ ಆಗಲೂ ಹಿಡಿಸಿರಲಿಲ್ಲ, ಈಗಲೂ ಇಲ್ಲ. ಜಿಮ್‌ಗೆ ಬಿಡುಗಡೆಯಾಗಿದೆ ಅಂತ ಗೊತ್ತಿದ್ದೂ, ಸಾಹಸದ ಆಟಕ್ಕೋಸ್ಕರ ಅವನನ್ನು ಕೈದಿಯಾಗಿಯೇ ಇಟ್ಟುಕೊಂಡು, ಕೊನೆಗೆ ತಾಳ್ಮೆಯಿಂದ ಇದ್ದದ್ದಕ್ಕೆ 40 ಡಾಲರ್ ಕೊಡುತ್ತಾನೆ. ಮೊದಲು, ದಾರಿಯಲ್ಲಿ ಜೊತೆ ಸೇರಿ 'ರಾಜ' ಅಂತ ಹೇಳಿಕೊಂಡ ಮೋಸಗಾರ ಜಿಮ್‌ನನ್ನು ಹಿಡಿದುಕೊಟ್ಟದ್ದೂ 40 ಡಾಲರಿಗೇ. ಟ್ವೇನ್ ಬೇಕು ಅಂತಲೇ ಈ ಲೆಕ್ಕ ಇಟ್ಟಿದ್ದಾನೆ ಅಂತ ನನ್ನ ಗುಮಾನಿ.

ಇನ್ನು ಕ್ಯಾಲ್ಪರ್ನಿಯಾ. ಸ್ಕೌಟ್‌ನ ಮನೆಯಲ್ಲಿ ಅಡುಗೆ ಮಾಡುವವಳು, ತಾಯಿಯಿಲ್ಲದ ಮಕ್ಕಳನ್ನು ಬೆಳೆಸಿದವಳು. ಒಂದು ಭಾನುವಾರ ಮಕ್ಕಳನ್ನು ತನ್ನ ಚರ್ಚಿಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಅವಳ ಮಾತೇ ಬೇರೆ. ಇವಳಿಗೆ ನಮ್ಮನೆ ಬಿಟ್ಟು ಇನ್ನೊಂದು ಬದುಕಿದೆಯಾ ಅಂತ ಸ್ಕೌಟ್‌ಗೆ ಆಗ ಮೊದಲ ಸಲ ಹೊಳೆಯುತ್ತದೆ. ನಿನ್ನ ಮನೆಗೆ ಬರಲಾ ಅಂತ ಕೇಳುತ್ತಾಳೆ. ಕ್ಯಾಲ್ಪರ್ನಿಯಾ ಖುಷಿಯಿಂದ ಹೂಂ ಅನ್ನುತ್ತಾಳೆ. ಆಮೇಲೆ ಸ್ಕೌಟ್‌ನ ಸೋದರತ್ತೆ ಖಡಾಖಂಡಿತವಾಗಿ ಬೇಡ ಅಂದುಬಿಡುತ್ತಾಳೆ, ಅಷ್ಟೇ. ಅವಳ ಮನೆ ಹೇಗಿತ್ತು ಅಂತ ನಮಗೆ ಕೊನೆಗೂ ಗೊತ್ತಾಗುವುದಿಲ್ಲ. (ನಮ್ಮನೆಗೆ ಅಷ್ಟು ವರ್ಷ ಕೆಲಸಕ್ಕೆ ಬರುತ್ತಿದ್ದ ಅಕ್ಕನ ಮನೆ ನಾನೂ ನೋಡಿಲ್ಲ. ಬರಲಾ ಅಂತ ಕೇಳಿದ್ದೂ ಇಲ್ಲ.)

ಪುಟ್ಟಿ ಇನ್ನೂ 25ನೇ ಅಧ್ಯಾಯಕ್ಕೆ ಬಂದಿಲ್ಲ ಅಂದೆಯಲ್ಲ. ನಿನ್ನ ಹಾಗೆ ನಾನೂ ಕಥೆ ಕೆಡಿಸುವುದಿಲ್ಲ, ನೀನು ಮಾತ್ರ ಓದಿಕೋ. ಟಾಮ್ ರಾಬಿನ್ಸನ್‌ನನ್ನು ಗುಂಡಿಟ್ಟು ಕೊಂದ ಸುದ್ದಿ ಹೇಳಲು ಆಟಿಕಸ್ ಅವನ ಮನೆಗೆ ಹೋಗುತ್ತಾನೆ. ಪುಟ್ಟ ಹುಡುಗಿಯೊಂದು ಬಾಗಿಲಿಗೆ ಬಂದು ತಲೆ ಎತ್ತಿ ಅವನನ್ನು ನೋಡುತ್ತಾ ನಿಲ್ಲುತ್ತದೆ. ಮೆಟ್ಟಿಲು ಇಳಿಯಲು ಕಷ್ಟಪಡುತ್ತಿದ್ದಾಗ ಅವನು ಬೆರಳು ಚಾಚುತ್ತಾನೆ. ಅದನ್ನು ಹಿಡಿದು ಇಳಿಯುತ್ತದೆ. ಅಪ್ಪ ಸತ್ತದ್ದು ಅದಕ್ಕೆ ಇನ್ನೂ ಗೊತ್ತಿಲ್ಲ. ಹೆಸರೂ ಇಲ್ಲ ಆ ಮಗುವಿಗೆ. ಎರಡೋ ಮೂರೋ ವರ್ಷ ಇದ್ದಿರಬಹುದು. ಕಥೆಯ ಆ ಭಾಗ 1935ರದ್ದು. ಆ ಲೆಕ್ಕದಲ್ಲಿ 1955ರ ಡಿಸೆಂಬರಿನಲ್ಲಿ, ಅದೇ ಅಲಬಾಮಾದ ಮಾಂಟ್ಗೊಮರಿಯಲ್ಲಿ ಕಪ್ಪು ಜನ, ಕೂರುವ ಜಾಗದಲ್ಲಿ ಭೇದ ಮಾಡುವ ಬಸ್ಸು ಹತ್ತುವುದಿಲ್ಲ ಅಂತ ನಡೆಯಲು ಶುರುಮಾಡಿದಾಗ, ಅವಳಿಗೆ 22-23. ಅವಳೂ ನಡೆದಳಾ? ಅದು ಇನ್ನೊಂದು ಕಾದಂಬರಿ. ಹಾರ್ಪರ್ ಲೀ ಅದನ್ನು ಬರೆಯಲಿಲ್ಲ. ಬರೆಯಬೇಕಿತ್ತು ಅಂತ ನಾನು ಹೇಳುತ್ತಿಲ್ಲ, ಅವರಿಗೆ ಕಂಡದ್ದು ಬಾಗಿಲಿನ ಹೊರಗಿನಿಂದ.

ಒಳಗಿನಿಂದ ಬರೆದವರು ಅಮೆರಿಕದ ಕಪ್ಪು ಲೇಖಕಿ ಟೋನಿ ಮಾರಿಸನ್. 1970ರಲ್ಲಿ ಬಂದ ಅವರ ಮೊದಲ ಕಾದಂಬರಿ 'ದಿ ಬ್ಲೂಯೆಸ್ಟ್ ಐ'ನಲ್ಲಿ ಪೆಕೋಲಾ ಅನ್ನುವ ಕಪ್ಪು ಹುಡುಗಿ ಮೂರು ಕಾಸು ಹಿಡಿದು ಮಿಠಾಯಿ ಕೊಳ್ಳಲು ಹೋಗುತ್ತಾಳೆ. ಅಂಗಡಿಯವನು ಅವಳ ಕಡೆ ನೋಡುತ್ತಾನೆ, ಆದರೆ ಅವಳನ್ನು ನೋಡುವುದಿಲ್ಲ. ಕಾಸು ತೆಗೆದುಕೊಳ್ಳುವಾಗ ಕೈ ತಾಗೀತು ಅಂತ ಅಳುಕುತ್ತಾನೆ. ಇಷ್ಟೇ ನಡೆಯುವುದು. ಕೋರ್ಟಿಲ್ಲ, ವಕೀಲನಿಲ್ಲ, ಬಾಲ್ಕನಿಯಲ್ಲಿ ಎದ್ದು ನಿಲ್ಲುವವರಿಲ್ಲ. ಆ ಪುಸ್ತಕ ಪುಟ್ಟಿಗೆ ಈಗಲೇ ಬೇಡ, ಒಳಗೆ ತುಂಬಾ ಕಷ್ಟದ ಭಾಗಗಳಿವೆ. ನೀನು ಓದಿಟ್ಟುಕೋ, ನಾಲ್ಕೈದು ವರ್ಷ ಬಿಟ್ಟು ಕೊಡು.

ಸದ್ಯಕ್ಕೆ ಒಂದು ಕೆಲಸ ಮಾಡು. ಥಿಂದ್, ಮಾರ್ಥಾ ಇಬ್ಬರ ಕಥೆಯನ್ನೂ ಅವಳಿಗೆ ಹೇಳು. ಆಮೇಲೆ ಆ ಬಾಲ್ಕನಿಯ ಚಿತ್ರ ಬರೆಯಲು ಹೇಳು. ಚಿತ್ರ ಚೆನ್ನಾಗಿ ಬರೆಯುತ್ತಾಳೆ ಅಂತಿರುತ್ತೀಯಲ್ಲ. ಸ್ಕೌಟ್, ಜೆಮ್, ಡಿಲ್, ಪಾದ್ರಿ ಎಲ್ಲ ಇರಲಿ. ಜಾಗ ಬಿಟ್ಟ ಆ ನಾಲ್ವರನ್ನು ಅವಳು ಎಲ್ಲಿ ನಿಲ್ಲಿಸುತ್ತಾಳೆ ಅಂತ ನನಗೆ ನೋಡಬೇಕು. ಫೋಟೋ ತೆಗೆದು ಕಳಿಸು. ಪಾತ್ರೆ ತೊಳೆದ ಮೇಲೆ.

ನಿನ್ನ
ಹಾಸ್ಟೆಲಿನ ಗೆಳೆಯ