ಆಮಂತ್ರಣದಲ್ಲಿ ಬರೀ ‘ಮಾಟುಂಗ’ ಸಾಲದು

ಮಾನ್ಯರೇ,

ದಿಕ್ಕಿನ ಅಂದಾಜು ಸಿಗದಿರುವುದು ದಡ್ಡತನವಲ್ಲ, ಅಂಥವರನ್ನು ಗದರಬೇಡಿ. ಮುಂಬಯಿಯಲ್ಲಿ ಅವರಿಗೆ ರೈಲು ಹಳಿಯೇ ಆಧಾರ. ಪಶ್ಚಿಮ ರೈಲ್ವೆಯಲ್ಲಿ ದಕ್ಷಿಣದ ಕೊನೆಯ ಸ್ಟೇಷನ್ ಚರ್ಚ್‌ಗೇಟ್ ಕಡೆ ಮುಖ ಮಾಡಿ ನಿಂತರೆ ಎಡಗೈಗೆ ಸ್ಟೇಷನ್ನಿನ ಈಸ್ಟ್ ಬದಿ, ಬಲಗೈಗೆ ವೆಸ್ಟ್ ಬದಿ. ಇದನ್ನು ಪ್ಲಾಟ್‌ಫಾರ್ಮಿನಲ್ಲೇ ಗೊತ್ತುಮಾಡಿಕೊಳ್ಳಬೇಕು. ಸೇತುವೆಯ ಮೆಟ್ಟಿಲಲ್ಲಿ ಎರಡು ಸಲ ತಿರುಗಿದರೆ ಲೆಕ್ಕ ತಪ್ಪುತ್ತದೆ. ಮೊಬೈಲ್ ನಕ್ಷೆಯ ಬಾಣವನ್ನು ನಿಂತಲ್ಲೇ ನಂಬಬಾರದು, ಸುತ್ತಲಿನ ಕಬ್ಬಿಣ ಅದರ ದಿಕ್ಸೂಚಿಯನ್ನು ಕೆಡಿಸುತ್ತದೆ. ಇಪ್ಪತ್ತು ಮೂವತ್ತು ಹೆಜ್ಜೆ ನಡೆದು, ನೀಲಿ ಚುಕ್ಕೆ ಎತ್ತ ಸರಿಯಿತೆಂದು ನೋಡಿ.

ಮುಂಬಯಿಯ ನಮ್ಮ ಕನ್ನಡ ಸಂಘಗಳಿಗೂ ಒಂದು ವಿನಂತಿ. ಮೈಸೂರು ಅಸೋಸಿಯೇಷನ್‌ಗೆ ಮಧ್ಯ ರೈಲ್ವೆಯ ಮಾಟುಂಗ ಹತ್ತಿರ, ಕರ್ನಾಟಕ ಸಂಘಕ್ಕೆ ಪಶ್ಚಿಮ ರೈಲ್ವೆಯ ಮಾಟುಂಗ ರೋಡ್. ಆಮಂತ್ರಣದಲ್ಲಿ ಸ್ಟೇಷನ್, ಇಳಿಯುವ ಬದಿ, ಹೊರಬಂದ ಮೇಲೆ ಎಡಕ್ಕೋ ಬಲಕ್ಕೋ ಎಂಬುದನ್ನೂ ಅಚ್ಚು ಹಾಕಿಸಿ.

— ಓದುಗರು, ಡೊಂಬಿವಲಿ